ಗಟ್ಟಿ ಅಟ್ಟೆ

ಗೇರು ಬಿದ್ದಾಗಲೆಲ್ಲ ಕಾರಿನ ಹೊಟ್ಟೆಯೊಳಗಿಂದ ಯಾರೋ ಗುದ್ದಿದಂತಾಗುತ್ತಿತ್ತು. ಒಂದನೆಯ ಗೇರಿಗೆ ಒಂದು ಗುದ್ದು, ಎರಡನೆಯದಕ್ಕೆ ಇನ್ನೊಂದು. ಸಿಗ್ನಲ್ಲಿನಲ್ಲಿ ನಿಂತಾಗ ಏನೂ ಆಗಿಲ್ಲವೆಂಬಂತೆ ಸುಮ್ಮನಿದ್ದು, ಹಸಿರು ದೀಪ ಬಂದು ಕ್ಲಚ್ಚಿನಿಂದ ಕಾಲು ಸಡಿಲಿಸಿದ ಕೂಡಲೇ ಮತ್ತೆ ಧಡ್. ಎವಾರಿಸ್ತೊ ಎಷ್ಟು ಮೆಲ್ಲಗೆ ಕಾಲೆತ್ತಿದರೂ ಅದು ತಪ್ಪುತ್ತಿರಲಿಲ್ಲ. ಪಕ್ಕದ ಬಸ್ಸಿನ ಕಿಟಕಿಯಿಂದ ಒಬ್ಬ ಹುಡುಗಿ ಬಗ್ಗಿ ನೋಡಿದಳು. ಅವಳು ನೋಡುತ್ತಿರುವುದು ತನ್ನನ್ನಲ್ಲ, ಶಬ್ದ ಎಲ್ಲಿಂದ ಬಂತೆಂದು ಹುಡುಕುತ್ತಿದ್ದಾಳೆ ಅಷ್ಟೇ ಎಂದು ಅಂದುಕೊಂಡ. ಆದರೂ ಕತ್ತಿನ ಹಿಂಭಾಗ ಬಿಸಿಯಾಯಿತು. ಪಕ್ಕದ ಸೀಟಿನಲ್ಲಿ ಅವನ ಹೆಂಡತಿ ಅಂಪಾರೊ ಪ್ರತಿ ಗುದ್ದಿಗೂ ಎಡಗೈಯನ್ನು ಹೊಟ್ಟೆಗೆ ಒತ್ತಿಕೊಳ್ಳುತ್ತಿದ್ದಳು. ಬಲ ಅಂಗೈ ಆ ಕೈಯ ಮೇಲೆ ಮುಚ್ಚಿಕೊಂಡೇ ಇರುತ್ತಿತ್ತು. ಡಯಾಲಿಸಿಸ್ಸಿನ ಸೂಜಿ ಚುಚ್ಚಲೆಂದು ವೈದ್ಯರು ಆ ಕೈಯ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಂದಿನಿಂದ ಅಲ್ಲಿ ಚರ್ಮದ ಕೆಳಗೆ ಹಗಲೂ ರಾತ್ರಿ ಏನೋ ಗುಂಯ್‌ಗುಡುತ್ತಿತ್ತು. ಕೈಯಿಟ್ಟು ನೋಡುತ್ತಿರಬೇಕು, ಗುಂಯ್ ಅನ್ನುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ, ನಿಂತುಹೋದರೆ ಎದ್ದುಬಿದ್ದು ಓಡಿಬರಬೇಕು ಎಂದು ದಾದಿ ಹೇಳಿಕೊಟ್ಟಿದ್ದಳು. ಮೊದಲ ದಿನ ಅಂಪಾರೊ ಗಂಡನ ಕೈ ಹಿಡಿದು ಅಲ್ಲಿ ಇಟ್ಟುಕೊಂಡಿದ್ದಳು, ಮುಟ್ಟಿ ನೋಡು, ಬೆಕ್ಕು ಮಲಗಿದ ಹಾಗಿದೆ ಎಂದು. ಅವನು ಕಾದ ಬಾಣಲೆ ಮುಟ್ಟಿದವನ ಹಾಗೆ ಕೈ ಹಿಂದೆಗೆದುಕೊಂಡಿದ್ದ. ಆಮೇಲೆ ಅವಳು ಮತ್ತೆ ಕರೆಯಲಿಲ್ಲ, ಅವನೂ ಕೇಳಲಿಲ್ಲ.

ಸರ್ಕಾರಿ ಆಸ್ಪತ್ರೆಯ ಗೇಟಿನ ಬಳಿ ಏರು. ಏರಿನಲ್ಲಿ ನಿಂತು ಹೊರಡುವಾಗಲೇ ಗುದ್ದು ಜೋರು. ಅಲ್ಲಿ ಯಾವಾಗಲೂ ಜನ ಇರುತ್ತಿದ್ದರು: ಪಾಳಿಗಾಗಿ ಕಾಯುವ ರೋಗಿಗಳು, ಅವರ ಕಡೆಯವರು, ಬನ್ನಿನೊಳಗೆ ಹುರಿದ ಹಂದಿಚರ್ಮ ತುಂಬಿ ಖಾರ ಸುರಿದು ಕೊಡುವ ಗಾಡಿಯವನು, ಮತ್ತು ಗಾಡಿಗೆ ಒರಗಿ ತಿನ್ನುತ್ತ ನಿಂತ ರುತಿಲಿಯೊ. ರುತಿಲಿಯೊ ಅಂಪಾರೊಳ ಅಣ್ಣ, ಟ್ಯಾಕ್ಸಿ ಓಡಿಸುವವನು. ಈ ಕಾರೂ ಒಂದು ಕಾಲಕ್ಕೆ ಅವನ ಟ್ಯಾಕ್ಸಿಯೇ. ಹೊಸದು ಬಂದ ಮೇಲೆ ಹಳೆಯದನ್ನು ತಂಗಿಯ ಮನೆ ಮುಂದೆ ತಂದು ನಿಲ್ಲಿಸಿ, ಬೀಗದ ಕೈಯನ್ನು ಊಟದ ಮೇಜಿನ ಮೇಲೆ ಎಸೆದು, 'ಇಟ್ಕೊಳಪ್ಪ, ನನ್ನ ತಂಗಿ ಬಸ್ಸಲ್ಲಿ ನೇತಾಡೋದು ಬೇಡ' ಎಂದಿದ್ದ. ಎವಾರಿಸ್ತೊ ಅದಕ್ಕೆ ಬಿಳಿ ಬಣ್ಣ ಹೊಡೆದಿದ್ದ. ಆದರೂ ಮಳೆ ಬಂದಾಗ ಬಾಗಿಲುಗಳ ಮೇಲೆ ಹಳೆಯ ಹಸಿರು ಪಟ್ಟಿ ಮಸುಕಾಗಿ ಕಾಣುತ್ತಿತ್ತು. ಆ ದಿನವೂ ಅವನು ಉಸಿರು ಬಿಗಿಹಿಡಿದು ಕ್ಲಚ್ಚು ಬಿಟ್ಟ. ಧಡ್. ರುತಿಲಿಯೊ ತಿನ್ನುತ್ತಿದ್ದುದನ್ನು ನಿಲ್ಲಿಸಿ, ಬಾನೆಟ್ಟಿಗೆ ಕಿವಿಗೊಟ್ಟವನಂತೆ ಬಗ್ಗಿದ.

"ಭಾವಾ, ಒಳಗಡೆ ಯಾರೋ ಸಿಕ್ಕಿಹಾಕ್ಕೊಂಡಿದಾರಲ್ಲೋ! ಬಾಗಿಲು ಬಡೀತಾ ಇದಾರೆ, ತೆಗಿ ಮಾರಾಯಾ, ಪಾಪ!"

ಗಾಡಿಯವನು ನಕ್ಕ. ಸಾಲಿನಲ್ಲಿದ್ದ ಇಬ್ಬರು ಮುದುಕಿಯರು ನಕ್ಕರು. ಎವಾರಿಸ್ತೊ ಹಲ್ಲು ಕಿರಿದ. ಅಂಥ ಹೊತ್ತಿನಲ್ಲಿ ಹಾಗೆ ಮಾಡುವುದು ವಾಡಿಕೆ. ಆಮೇಲೆ ತಿರುಗಿ ನೋಡಿದರೆ ಅಂಪಾರೊ ಕೂಡ ನಗುತ್ತಿದ್ದಳು. ಅವಳು ನಕ್ಕು ಎಷ್ಟು ದಿನವಾಗಿತ್ತು! ಹೊಲಿಗೆ ಯಂತ್ರದ ಮುಂದೆ ಕೂತು ಬೂಟಿನ ಮೇಲ್ಭಾಗಗಳನ್ನು ಹೊಲಿಯುತ್ತಿದ್ದ ಕಾಲದಲ್ಲಿ ಬಾಯಲ್ಲಿ ದಾರ ಕಚ್ಚಿಕೊಂಡೇ ನಗುತ್ತಿದ್ದವಳು. ಈಗ ನಕ್ಕಳಲ್ಲ ಎಂದು ಸಂತೋಷವಾಗಬೇಕಿತ್ತು. ಸಂತೋಷವಾಗಲಿಲ್ಲ. ಮನಸ್ಸು ಹುಳಿಯಾಯಿತು. ನನ್ನನ್ನು ನೋಡಿ ನಕ್ಕಳು, ಅಣ್ಣನ ಜೊತೆ ಸೇರಿಕೊಂಡು.

ಅವಳು ಒಳಗೆ ಹೋದ ಮೇಲೆ ರುತಿಲಿಯೊ ಕೈ ಒರೆಸಿಕೊಂಡು ತಾನೇ ಬಾನೆಟ್ಟು ಎತ್ತಿ ತೋರಿಸಿದ. ಎಂಜಿನ್ನನ್ನು ಚಾಸಿಗೆ ಹಿಡಿದಿಡುವ ಮೌಂಟಿಂಗುಗಳಲ್ಲಿ ಮುಂದಿನದರ ರಬ್ಬರು ಹರಿದು ಬಾಯಿ ಬಿಟ್ಟಿತ್ತು. "ನೋಡು, ಇದು ಹರಿದಿದೆ. ಅದಕ್ಕೇ ಎಂಜಿನ್ನು ಎದ್ದು ಎದ್ದು ಬೀಳ್ತದೆ. ಹೊಸದು ಹಾಕ್ಸೋದು ನಿನ್ನ ಕೈಲಾಗಲ್ಲ, ಬಿಡು. ಇದರ ಸಂದಿಗೆ ಪಾಲಿಯುರೆಥೇನ್ ಸುರಿದು ಗಟ್ಟಿ ಮಾಡ್ತಾರೆ ಹುಡುಗರು, ರೇಸಿನ ಹುಚ್ಚರು. ನಿಮ್ಮ ಅಟ್ಟೆ ಕಾರ್ಖಾನೇಲಿ ಅದೇ ತಾನೇ ಕುದಿಸೋದು? ಒಂದು ಡಬ್ಬ ತಗೊಂಡು ಬಾ. ಆದ್ರೆ ಇದೊಂದಕ್ಕೆ ಮಾತ್ರ ಹಾಕು, ತಿಳೀತಾ? ಬೇರೇದನ್ನ ಮುಟ್ಟಬೇಡ." ಆಮೇಲೆ ದನಿ ಬದಲಿಸಿ, "ಇಲ್ಲಾಂದ್ರೆ ನಾನೇ ಅವಳನ್ನ ಕರ್ಕೊಂಡು ಬರ್ತೀನಿ ಬಿಡೋ. ನನಗೇನು, ಈ ಕಡೆ ಬಂದೇ ಬರ್ತೀನಲ್ಲ," ಎಂದ.

"ಬೇಡ," ಎಂದ ಎವಾರಿಸ್ತೊ. ಅದು ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು.

ಅವರಿದ್ದ ಲೆಯೋನ್ ಊರಿನಲ್ಲಿ ಚಪ್ಪಲಿ ಬೂಟಿನ ಕೆಲಸ ಮಾಡದ ಮನೆ ಕಡಿಮೆ. ಎವಾರಿಸ್ತೊನ ಕೆಲಸ ಅವುಗಳ ಅಡಿಯ ಅಟ್ಟೆ ಎರಕ ಹೊಯ್ಯುವುದು. ಎರಡು ಪೀಪಾಯಿಗಳಿಂದ ಎರಡು ದ್ರಾವಣಗಳು ಬಂದು ಕೂಡಿ, ಜೇನಿನ ಹಾಗೆ ಅಚ್ಚಿನೊಳಗೆ ಇಳಿದು, ಉಬ್ಬಿ, ಬಿಸಿಯೇರಿ, ಕಣ್ಣ ಮುಂದೆಯೇ ಗಟ್ಟಿಯಾಗುತ್ತಿದ್ದವು. ಇಷ್ಟು ವರ್ಷ ನೋಡಿಯೂ ಆ ಗಳಿಗೆ ಅವನಿಗೆ ಬೇಸರ ತರಿಸಿರಲಿಲ್ಲ. ಅವತ್ತು ಸಂಜೆ ಕೆಲಸ ಮುಗಿದ ಮೇಲೆ ಅವನು ಖಾಲಿ ಡಬ್ಬಗಳನ್ನು ಕೈಯಲ್ಲಿ ಹಿಡಿದು ಎಲ್ಲರೂ ಮರ್ಯಾದೆಯಿಂದ ದೊನ್ಯಾ ಎಂದು ಕರೆಯುವ ಮೇಲ್ವಿಚಾರಕಿ ಬ್ರಿಹಿದಾಳ ಮೇಜಿನ ಮುಂದೆ ನಿಂತ. ದಪ್ಪ ಹೆಂಗಸು, ಬಾಯಿ ಬಿರುಸು, ಒಳಗೆ ಒಳ್ಳೆಯವಳು ಎಂದು ಎಲ್ಲರೂ ಹೇಳುತ್ತಿದ್ದರು.

"ಏನಯ್ಯಾ ಡಬ್ಬ ಹಿಡ್ಕೊಂಡು ನಿಂತಿದೀಯ, ಹಾಲು ಹಾಕ್ಬೇಕಾ?"

"ಉಳಿದಿದ್ದು ಸ್ವಲ್ಪ ಬೇಕಿತ್ತು ದೊನ್ಯಾ. ಕಾರಿನ ಮೌಂಟಿಂಗಿಗೆ."

"ಅಯ್ಯೋ, ಕಾರಿಗೂ ಚಪ್ಪಲಿ ಹಾಕಿಸ್ತೀಯಾ! ಯಾವುದು ಬೇಕು ಹೇಳು. ಮನೇಲಿ ಹಾಕ್ಕೊಳ್ಳೋ ಚಪ್ಪಲಿದು ಮೆತ್ತಗಿದೆ. ಗಣಿಯವರ ಬೂಟಿಂದು ಕಲ್ಲು ಇದ್ದ ಹಾಗೆ."

"ಬೂಟಿಂದು."

"ಅಷ್ಟು ಗಟ್ಟಿ ಯಾಕಯ್ಯಾ? ನಿನ್ನ ಹೆಂಡ್ತಿ ಕೂರೋ ಕಾರಲ್ವಾ ಅದು?"

"ಅವಳಿಗೋಸ್ಕರವೇ ದೊನ್ಯಾ. ಕಾರು ಗುದ್ದಿದಾಗ ಕೈ ನೋಯತ್ತೆ ಅವಳಿಗೆ."

ಬ್ರಿಹಿದಾಳ ಮುಖ ಮೆತ್ತಗಾದದ್ದನ್ನು ಅವನು ಕಂಡ. ಅವಳು ಎದ್ದು ತಾನೇ ಡಬ್ಬ ತುಂಬಿಸಿ ಕೊಟ್ಟಳು. ನಿನ್ನಂಥ ಗಂಡ ಸಿಗಬೇಕಿತ್ತು ನೋಡು ನನಗೆ, ನನ್ನವನು ಆಸ್ಪತ್ರೆ ದಾರಿ ಕೂಡ ನೋಡಲಿಲ್ಲ ಎಂದಳು. ಅವನು ತಲೆ ತಗ್ಗಿಸಿದ. ಬಸ್ಸಿನಲ್ಲಿ ಡಬ್ಬಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಾಗ ಅವಳಿಗೋಸ್ಕರವೇ ಎಂದು ತಾನಾಡಿದ ಮಾತು ಎಲ್ಲಿಂದ ಬಂತು ಎಂದು ಯೋಚಿಸಿದ. ಸುಳ್ಳೇನಲ್ಲ. ಗುದ್ದಿದಾಗ ಅವಳು ಕೈ ಒತ್ತಿಕೊಳ್ಳುವುದು ನಿಜ. ಆದರೆ ಗೇಟಿನ ಬಳಿ ನಿಂತು ಕಾರು ಗುದ್ದಿದಾಗ ಅವನು ನೋಡಿದ್ದು ಅವಳ ಕೈಯನ್ನಲ್ಲ, ಗಾಡಿಯವನ ಹಲ್ಲುಗಳನ್ನು. ಮೆತ್ತಗಿನದು ಸಾಕಾಗಿತ್ತೋ ಏನೋ. ಮೆತ್ತಗಿನದು ಎಂದು ಹೇಳಲು ಬಾಯಿ ಬರಲಿಲ್ಲ. ಇನ್ನು ಮುಂದೆ ಅದರೊಳಗಿಂದ ಒಂದು ಸಣ್ಣ ಸದ್ದೂ ಹೊರಡಕೂಡದು, ಅಷ್ಟೇ ಅವನಿಗೆ ಬೇಕಾಗಿದ್ದದ್ದು.

ಶನಿವಾರ ಆಸ್ಪತ್ರೆಯಿಂದ ಬಂದ ಮೇಲೆ ಕಾರನ್ನು ಹಿತ್ತಿಲಿಗೆ ತಂದು, ಎಂಜಿನ್ನಿನ ಕೆಳಗೆ ಹಲಗೆ ಇಟ್ಟು ಜಾಕ್ ಏರಿಸಿ, ಇಟ್ಟಿಗೆಯ ಕಂಬಗಳ ಮೇಲೆ ಅದರ ಭಾರ ಕೂರಿಸಿದ. ಅಂಪಾರೊ ಕುರ್ಚಿ ಹಾಕಿಕೊಂಡು ನೆರಳಲ್ಲಿ ಕೂತಿದ್ದಳು. ಡಯಾಲಿಸಿಸ್ಸಿನ ದಿನ ಅವಳ ಮುಖ ಹಿಂಡಿ ಒಣಗಿಸಿದ ಬಟ್ಟೆಯ ಹಾಗಿರುತ್ತಿತ್ತು. ಆದರೂ ಒಳಗೆ ಹೋಗಿ ಮಲಗಲಿಲ್ಲ. ತುಕ್ಕು ಹಿಡಿದ ಬೋಲ್ಟಿಗೆ ಎಣ್ಣೆ ಬಿಟ್ಟು, ಸ್ಪ್ಯಾನರಿನ ತುದಿಗೆ ಕೊಳವೆ ಸಿಕ್ಕಿಸಿ ಮೈಯೆಲ್ಲ ಭಾರ ಹಾಕಿ ಎಳೆದಾಗ ಅದು ಕಿರ್ ಎಂದು ಸಡಿಲವಾಯಿತು. ಆ ಸದ್ದಿಗೆ ಅವಳು "ಶಭಾಷ್ ಮುದುಕಾ!" ಎಂದಳು. ಮುಂದಿನ ಮೌಂಟಿಂಗು ಕೈಗೆ ಬಂತು. ಹರಿದದ್ದು ಅದೊಂದೇ. ರುತಿಲಿಯೊ ಹೇಳಿದ್ದು ನೆನಪಿತ್ತು. ಅವನ ದನಿಯಲ್ಲೇ ನೆನಪಿತ್ತು, ತಿಳೀತಾ ಎಂಬ ಆ ಕೊನೆಯ ಪದದ ಸಮೇತ. ಎವಾರಿಸ್ತೊ ಉಳಿದವುಗಳನ್ನೂ ಬಿಚ್ಚಿದ. ಎಲ್ಲವನ್ನೂ ಸೀಮೆಎಣ್ಣೆಯಲ್ಲಿ ತೊಳೆದು, ತಂತಿಯ ಬ್ರಷ್ಷಿನಿಂದ ಉಜ್ಜಿ, ಜಿಡ್ಡು ಹೋಗುವವರೆಗೆ ಒರೆಸಿ, ಬಿಸಿಲಿಗೆ ಒಣಗಲಿಟ್ಟ. ಆಮೇಲೆ ಒಂದು ಬದಿಗೆ ಅಗಲದ ಟೇಪು ಸುತ್ತಿ, ತಟ್ಟೆಗಳಲ್ಲಿ ಸಾಲಾಗಿ ಇಟ್ಟ. ಕೆಲಸದಲ್ಲಿ ಕೈ ಮುಳುಗಿದಾಗ ಮನಸ್ಸಿನ ಹುಳಿಯೆಲ್ಲ ಎಲ್ಲೋ ಇಳಿದುಹೋಗಿತ್ತು. ಮಾಡುವುದನ್ನು ಅವಳು ನೋಡುತ್ತಿದ್ದಾಳೆ. ಅವಳು ನೋಡುತ್ತಿರುವಾಗ ತಾನು ಏನನ್ನೋ ಚೆನ್ನಾಗಿ ಮಾಡುತ್ತಿದ್ದೇನೆ. ಇಂಥದ್ದು ಆಸ್ಪತ್ರೆಯ ಮೊಗಸಾಲೆಗಳಲ್ಲಿ ಟೋಪಿ ಹಿಡಿದು ಕಾಯುವ ದಿನಗಳಲ್ಲಿ ಎಲ್ಲಿತ್ತು?

ಡಬ್ಬದಲ್ಲಿ ಎರಡು ದ್ರಾವಣಗಳನ್ನು ಸೇರಿಸಿ ಕಡ್ಡಿಯಿಂದ ಕಲಕಿ, ರಬ್ಬರಿನ ಬಾಯಿಗಳೊಳಗೆ ಸಣ್ಣ ಧಾರೆಯಾಗಿ ಬಿಟ್ಟ. ಅದು ಹೊಗೆಯಾಡಿತು. ಅಂಪಾರೊ ಮೂಗು ಮುಚ್ಚಿಕೊಂಡಳು.

"ಒಣಗಿದ ಮೇಲೆ ಮೆತ್ತಗಿರತ್ತಾ?"

"ಗಟ್ಟಿಯಾಗತ್ತೆ. ಇನ್ನು ಎಂಜಿನ್ನು ಅಲ್ಲಾಡೋ ಹಾಗೇ ಇಲ್ಲ, ನೋಡ್ತಿರು."

"ಪಾಪ," ಎಂದಳು ಅವಳು. ಯಾರಿಗೆ ಪಾಪ ಎಂದು ಅವನು ಕೇಳಲಿಲ್ಲ.

ಮಂಗಳವಾರ ಬೆಳಿಗ್ಗೆ ಚಾವಿ ತಿರುಗಿಸಿದಾಗ ಕಾರು ಬೇರೆಯೇ ದನಿಯಲ್ಲಿ ಎದ್ದಿತು. ಗುದ್ದಿರಲಿಲ್ಲ. ಗೇರು ಬಿತ್ತು, ಕ್ಲಚ್ಚು ಬಿಟ್ಟ, ಚಕ್ರಗಳು ಆ ಕ್ಷಣವೇ ಮಾತು ಕೇಳಿದಂತೆ ಮುಂದೆ ಹೋದವು. ಗುದ್ದಿನ ಬದಲು ಒಂದು ನಡುಕ ಬಂದಿತ್ತು. ಸಿಗ್ನಲ್ಲಿನಲ್ಲಿ ನಿಂತಾಗ ಅದು ಸ್ಟೀರಿಂಗಿನಿಂದ ಮೊಣಕೈವರೆಗೆ ಏರಿತು, ಕನ್ನಡಿಯಲ್ಲಿ ಹಿಂದಿನ ರಸ್ತೆ ನೀರಿನಲ್ಲಿ ಕಂಡಂತೆ ಕದಡಿತು, ಕಿಟಕಿಯ ಗಾಜುಗಳು ಜುಂಯ್ ಎಂದವು. ಹೊಸದಲ್ಲವೇ, ಓಡುತ್ತ ಓಡುತ್ತ ಕೂತುಕೊಳ್ಳುತ್ತದೆ ಎಂದುಕೊಂಡ. ಆಸ್ಪತ್ರೆಯ ಏರಿನಲ್ಲಿ ಬೇಕೆಂದೇ ಒಮ್ಮೆ ನಿಲ್ಲಿಸಿ ಹೊರಡಿಸಿದ. ಸದ್ದಿಲ್ಲ. ಗಾಡಿಯವನು ಈರುಳ್ಳಿ ಹೆಚ್ಚುತ್ತಿದ್ದವನು ತಲೆ ಕೂಡ ಎತ್ತಲಿಲ್ಲ. ರುತಿಲಿಯೊ ಹತ್ತಿರ ಬಂದು ಕಾರಿನ ಮಾಡಿನ ಮೇಲೆ ಕೈಯಿಟ್ಟವನು ತಟ್ಟನೆ ತೆಗೆದ.

"ಇದೇನೋ ಜೇನುಗೂಡು! ಎಲ್ಲಕ್ಕೂ ಸುರಿದ್ಯಾ ಹೇಗೆ?"

"ಗುದ್ದು ನಿಂತಿತಲ್ಲ," ಎಂದ ಎವಾರಿಸ್ತೊ.

"ಗುದ್ದೇನೋ ನಿಂತಿತು. ಅಂಪಾರೊ, ಹೇಗಿದೆಯಮ್ಮಾ ಒಳಗೆ?"

ಅವಳು ಬಾಗಿಲು ಹಿಡಿದು ಇಳಿಯುತ್ತಿದ್ದಳು. ಗಂಡನ ಮುಖ ನೋಡಿದಳು. "ಚೆನ್ನಾಗಿದೆ ಅಣ್ಣಾ. ಎಷ್ಟು ಕಷ್ಟಪಟ್ಟು ಮಾಡಿದಾನೆ ನನಗೋಸ್ಕರ," ಎಂದಳು.

ನಡುಕ ಕೂತುಕೊಳ್ಳಲಿಲ್ಲ. ವಾರಗಳು ಹೋದವು. ಅವನು ಅದಕ್ಕೆ ಒಗ್ಗಿಕೊಂಡ. ಇಳಿದ ಮೇಲೂ ಅಂಗೈಯಲ್ಲಿ ಸ್ವಲ್ಪ ಹೊತ್ತು ಇರುವೆ ಹರಿದಾಡಿದಂತಾಗುವುದು ಬಿಟ್ಟರೆ ಏನೂ ಇಲ್ಲ. ಆದರೆ ಅಂಪಾರೊ ಕಾರಿನಲ್ಲಿ ಮಾತಾಡುವುದನ್ನು ನಿಲ್ಲಿಸಿದ್ದಳು. ಮೊದಲೆಲ್ಲ ರಸ್ತೆ ಬದಿಯ ಬೋರ್ಡುಗಳನ್ನು ಓದಿ ತಮಾಷೆ ಮಾಡುತ್ತಿದ್ದಳು, ಸತ್ತವರಿಗೂ ಬೂಟು ಮಾರುವ ಊರು ಇದು ಎನ್ನುತ್ತಿದ್ದಳು. ಈಗ ಬೆನ್ನನ್ನು ಸೀಟಿಗೆ ತಾಗಿಸದೆ, ನೆಲಕ್ಕೆ ತುದಿಗಾಲು ಮಾತ್ರ ಊರಿ, ಬಲಗೈಯನ್ನು ಎಡಗೈಯ ಮೇಲೆ ಇಟ್ಟು ತೆಗೆದು ಮತ್ತೆ ಇಟ್ಟು ಕೂರುತ್ತಿದ್ದಳು. ಅವನು ಕಡೆಗಣ್ಣಿನಲ್ಲಿ ಅದನ್ನು ಕಂಡ, ಏನೆಂದು ತಿಳಿದಿತ್ತೋ ಇಲ್ಲವೋ, ತಿಳಿಯದಂತೆ ಇರುವುದು ಸುಲಭವಾಗಿತ್ತು. ಚಿಕ್ಕವನಿದ್ದಾಗ ಅವನ ಅಪ್ಪ ಮಾಡಿಕೊಟ್ಟ ಮೊದಲ ಬೂಟೂ ಹಾಗೆಯೇ ಇತ್ತು. ಅಪ್ಪನೂ ಅಟ್ಟೆಯವನೇ, ಲಾರಿಯ ಹಳೆಯ ಟಯರು ಕತ್ತರಿಸಿ ಅಟ್ಟೆ ಹೊಡೆದು, ಇದು ನಿನ್ನ ಮಕ್ಕಳ ಕಾಲಕ್ಕೂ ಸವೆಯಲ್ಲ ಎಂದು ನೆಲಕ್ಕೆ ಕುಕ್ಕಿ ತೋರಿಸಿದ್ದ. ಶಾಲೆಗೆ ಹೋಗುವಷ್ಟರಲ್ಲಿ ಹಿಮ್ಮಡಿ ಸುಲಿದು ಕಾಲುಚೀಲ ಅಂಟಿಕೊಂಡಿತ್ತು. ಸಂಜೆ ಅಪ್ಪ ಹೇಗಿದೆ ಎಂದಾಗ ಚೆನ್ನಾಗಿದೆ ಎಂದಿದ್ದ. ಚೆನ್ನಾಗಿದೆ ಎಂದು ಹೇಳುವಾಗ ಮುಖದ ಯಾವ ಭಾಗ ಯಾವ ಕಡೆಗೆ ಹೋಗುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಅಂಪಾರೊ ಚೆನ್ನಾಗಿದೆ ಎಂದಾಗಲೂ ಅವಳ ಮುಖ ಅದೇ ಕಡೆಗೆ ಹೋಗಿತ್ತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಮರಳುವಾಗ, ತೊಗಲು ಹದ ಮಾಡುವ ಕಾರ್ಖಾನೆಗಳ ಗೋಡೆ ಮುಗಿದು ರೈಲು ಹಳಿ ಬರುವಲ್ಲಿ, ಅವಳು "ನಿಲ್ಲಿಸು," ಎಂದಳು. ಹೊಟ್ಟೆ ತೊಳಸುತ್ತಿರಬೇಕೆಂದು ಅವನು ಪಕ್ಕಕ್ಕೆ ತೆಗೆದುಕೊಂಡು, ಕೈಚಾಚಿ ಅವಳ ಕಡೆಯ ಬಾಗಿಲು ತೆರೆದ. ಅವಳು ಇಳಿಯಲಿಲ್ಲ.

"ಆರಿಸು. ಎಂಜಿನ್ ಆರಿಸು ಮುದುಕಾ, ಬೇಗ."

ಆರಿಸಿದ. ಅವಳು ಬ್ಯಾಂಡೇಜಿನ ಮೇಲ್ಗಡೆ, ಎಡಗೈಯ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ತುಟಿಗಳು ಬಿಳಿಚಿದ್ದವು. ಹಳಿಯ ಮೇಲೆ ಗೂಡ್ಸು ರೈಲೊಂದು ಬರುತ್ತಿತ್ತು, ಅದು ಪೂರ್ತಿ ಹೋಗುವವರೆಗೂ ಅವಳು ಹಾಗೆಯೇ ಇದ್ದಳು, ಹೋದ ಮೇಲೆ ಮತ್ತೆ ಸರಿಯಾದ ಜಾಗಕ್ಕೆ ಬೆರಳು ಒತ್ತಿದಳು. ಆಮೇಲೆ ಎದೆಯಿಂದ ಉದ್ದಕ್ಕೆ ಉಸಿರು ಬಿಟ್ಟಳು.

"ಇದೆ," ಎಂದಳು.

"ಏನು ಇದೆ?"

"ಇದು. ನನ್ನ ಬೆಕ್ಕು." ನಗಲು ನೋಡಿದಳು. "ಕಾರಲ್ಲಿ ಕೂತಾಗ ಗೊತ್ತಾಗಲ್ಲ. ಎಲ್ಲಾ ಗುಂಯ್ ಅಂತದೆ, ಸೀಟು ಗುಂಯ್, ಬಾಗಿಲು ಗುಂಯ್, ಹಲ್ಲು ಗುಂಯ್. ಯಾವುದು ನಂದು, ಯಾವುದು ಕಾರಿಂದು ಅಂತಾನೇ ತಿಳಿಯಲ್ಲ. ಮನೆಗೆ ಹೋಗಿ ಇಳಿಯೋವರೆಗೂ ನಿಂತೇಹೋಗಿದೆ ಅಂತ ಅನ್ನಿಸ್ತಿರತ್ತೆ. ಪ್ರತಿ ಸಲ."

"ಪ್ರತಿ ಸಲ?"

"ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ."

ಹೊರಗೆ ತೊಗಲಿನ ವಾಸನೆ ಇತ್ತು. ಇಷ್ಟು ವಾರ, ವಾರಕ್ಕೆ ಮೂರು ದಿನ, ತನ್ನ ಪಕ್ಕದಲ್ಲಿ ಒಂದು ಮೊಳ ದೂರದಲ್ಲಿ ಕೂತು ಅವಳು ಸಾಯುತ್ತಿದ್ದೇನೆಂದು ಹೆದರಿ, ಮನೆ ಬಾಗಿಲಿಗೆ ಬಂದು ಬದುಕಿಕೊಳ್ಳುತ್ತಿದ್ದಳು. ತಾನು ಗೇರು ಎಷ್ಟು ಚೆಂದ ಬೀಳುತ್ತದೆ ಎಂದು ನೋಡುತ್ತಿದ್ದ. ಯಾಕೆ ಹೇಳಲಿಲ್ಲ ಎಂದು ಕೇಳಿದ. ದನಿಯಲ್ಲಿ ಸಿಟ್ಟಿತ್ತು, ಅವಳ ಮೇಲೆಯೇ ಸಿಟ್ಟು ಬಂದಂತೆ ಕೇಳಿಸಿತು.

"ನನಗೋಸ್ಕರ ಮಾಡಿದ್ದಲ್ವಾ. ಹೇಗೆ ಹೇಳಲಿ?"

ಆಗ ಹೇಳಬಹುದಿತ್ತು. ನಿನಗೋಸ್ಕರವಲ್ಲ, ನಿನ್ನ ಅಣ್ಣನ ಬಾಯಿಗೋಸ್ಕರ, ಗಾಡಿಯವನ ನಗುವಿಗೋಸ್ಕರ, ನೀನು ನಕ್ಕಿದ್ದಕ್ಕೋಸ್ಕರ ಎಂದು. ಮಾತು ಗಂಟಲವರೆಗೆ ಬಂದು, ಅಲ್ಲಿಯೇ ಉಬ್ಬಿ, ಗಟ್ಟಿಯಾಗಿ ಕೂತಿತು. ಭಾನುವಾರ ಎಲ್ಲವನ್ನೂ ಬಿಚ್ಚಿ ಚಾಕುವಿನಿಂದ ಕೆತ್ತಿ ತೆಗೆಯುತ್ತೇನೆ, ಗುದ್ದಿದರೆ ಗುದ್ದಲಿ ಎಂದ. ಅವಳು ತಲೆಯಾಡಿಸಿ, ಸೀಟಿಗೆ ಒರಗಿ, ಸ್ವಲ್ಪ ಹೊತ್ತು ಹೀಗೇ ಇರೋಣ ಎಂದಳು.

ಭಾನುವಾರ ಬರುವ ಮೊದಲೇ ಗುರುವಾರ ಬಂತು. ಅವನು ಮುಖ ತೊಳೆದು, ಕಾರಿನ ಗಾಜು ಒರೆಸಿ ಒಳಗೆ ಬಂದರೆ ಅಂಪಾರೊ ಮನೆಯ ಗೌನಿನಲ್ಲೇ ಅಡುಗೆಮನೆಯ ಮೇಜಿಗೆ ಕೂತು ಹುರುಳಿಕಾಯಿ ನಾರು ಬಿಡಿಸುತ್ತಿದ್ದಳು.

"ಹೊತ್ತಾಯಿತು. ಬಟ್ಟೆ ಹಾಕ್ಕೊಂಡಿಲ್ವಲ್ಲ?"

"ನಾನು ಬರಲ್ಲ ಎವಾರಿಸ್ತೊ."

ಅವಳು ಹೆಸರು ಹಿಡಿದು ಕರೆಯುವುದು ಅಪರೂಪ. ಅವನಿಗೆ ತೋಚಿದ್ದು ಒಂದೇ. "ಸರಿ, ಕಾರು ಬೇಡ. ರುತಿಲಿಯೊಗೆ ಫೋನ್ ಮಾಡ್ತೀನಿ. ಅವನ ಕಾರಲ್ಲಿ ಹೋಗು. ನಾನೇನೂ ಅಂದ್ಕೊಳ್ಳಲ್ಲ." ಎಷ್ಟೋ ದಿನದಿಂದ ತಡೆಹಿಡಿದಿದ್ದ ಮಾತು ಇಷ್ಟು ಸಲೀಸಾಗಿ ಬಂದದ್ದಕ್ಕೆ ಅವನಿಗೇ ಆಶ್ಚರ್ಯವಾಯಿತು, ಒಂದು ಗಳಿಗೆ ತಾನು ದೊಡ್ಡ ಮನಸ್ಸಿನವನು ಎಂದೂ ಅನ್ನಿಸಿತು.

ಅವಳು ನಾರು ಬಿಡಿಸುವುದನ್ನು ನಿಲ್ಲಿಸದೆ ತಲೆ ಅಲ್ಲಾಡಿಸಿದಳು. "ಇವತ್ತು ಬರಲ್ಲ. ಶನಿವಾರನೂ ಬರಲ್ಲ. ಆಮೇಲೂ ಬರಲ್ಲ. ಸಾಕಾಗಿದೆ ನನಗೆ. ಡಾಕ್ಟರ ಹತ್ರ ಮೊನ್ನೆನೇ ಕೇಳ್ಕೊಂಡಿದೀನಿ, ಏನಾಗತ್ತೆ, ಹೇಗಾಗತ್ತೆ ಅಂತ. ಒಳ್ಳೆ ಹುಡುಗಿ ಅವಳು. ಎಲ್ಲಾ ಹೇಳಿದ್ಲು. ನಿದ್ದೆ ಜಾಸ್ತಿ ಬರತ್ತಂತೆ."

ಅವನು ಕುರ್ಚಿ ಎಳೆದುಕೊಂಡು ಕೂತ. ಅಥವಾ ಕುರ್ಚಿ ಎಳೆದುಕೊಂಡನೇ ಹೊರತು ಕೂರಲಿಲ್ಲ, ಅದರ ಬೆನ್ನು ಹಿಡಿದು ನಿಂತಿದ್ದ. ಹೇಳಬೇಕಾದ್ದು ಎಷ್ಟೋ ಇತ್ತು. ಬಾಯಿಂದ ಬಂದದ್ದು ಇದು: "ಕಾರಿಂದಾಗಿಯಾ?"

ಅಂಪಾರೊ ಅವನನ್ನು ನೋಡಿದಳು, ನೋಡುತ್ತ ನೋಡುತ್ತ ನಗೆ ಉಕ್ಕಿ ಬಂತು. ಹುರುಳಿಕಾಯಿ ಕೈಯಿಂದ ಜಾರುವಷ್ಟು, ಕಣ್ಣಲ್ಲಿ ನೀರು ಬರುವಷ್ಟು. "ಅಯ್ಯೋ ನನ್ನ ಮುದುಕಾ! ಕಾರಿಗೂ ಇದಕ್ಕೂ ಏನೋ ಸಂಬಂಧ! ನಾನು ಸಾಯ್ತೀನಿ ಅಂದ್ರೂ ಇವನಿಗೆ ಕಾರೇ!"

"ಅದು ನಿನಗೋಸ್ಕರ ಮಾಡಿದ್ದಲ್ಲ," ಎಂದ ಅವನು. ಈಗ ಬಂತು, ಯಾವ ತಡೆಯೂ ಇಲ್ಲದೆ. "ಗಟ್ಟೀದು ಬೇಕು ಅಂತ ನಾನೇ ಕೇಳಿ ತಂದೆ. ನನಗೆ ನಾಚಿಕೆಯಾಗ್ತಿತ್ತು. ಗೇಟಿನ ಹತ್ರ. ನೀನೂ ನಕ್ಕೆ ಅವತ್ತು."

"ಗೊತ್ತು," ಎಂದಳು. ನಗು ನಿಂತಿತ್ತು. "ನಕ್ಕ ಕೂಡಲೇ ನಿನ್ನ ಮುಖ ನೋಡಿದೆ. ಯಾಕಾದ್ರೂ ನಕ್ಕೆನೋ ಅಂತ ಅನ್ನಿಸ್ತು. ಅದಕ್ಕೇ ಚೆನ್ನಾಗಿದೆ ಅಂದಿದ್ದು." ಅವಳು ಇನ್ನೊಂದು ಹುರುಳಿಕಾಯಿ ತೆಗೆದುಕೊಂಡಳು. "ಕೂತ್ಕೋ. ನಿಂತ್ಕೊಂಡು ಕಾಲು ನೋಯಿಸ್ಕೋಬೇಡ."

ರುತಿಲಿಯೊ ಸಂಜೆ ಬಂದ. ಮೊದಲು ತಂಗಿಯ ಮೇಲೆ ಕೂಗಾಡಿದ, ಆಮೇಲೆ ಎವಾರಿಸ್ತೊನ ಮೇಲೆ. ನೀನು ಗಂಡಸಾ, ಹೊತ್ತುಕೊಂಡಾದರೂ ಹೋಗಬೇಕಿತ್ತು, ಆ ಡಕೋಟಾ ಕಾರಲ್ಲಿ ಕುಲುಕಿ ಕುಲುಕಿ ಅವಳನ್ನು ಹಣ್ಣು ಮಾಡಿದೆ ಎಂದ. ಅಂಪಾರೊ "ಅಣ್ಣಾ, ಕಾಫಿ ಆರತ್ತೆ," ಎಂದಳು. ಅಷ್ಟಕ್ಕೇ ಆ ದೊಡ್ಡ ಗಂಡಸು ಮೇಜಿನ ಮೇಲೆ ತಲೆಯಿಟ್ಟು, ಹಿಂದಿನಿಂದ ಯಾರೋ ತಳ್ಳುತ್ತಿರುವಂತೆ ಹೆಗಲು ಕುಲುಕುತ್ತ ಅತ್ತ. ಎವಾರಿಸ್ತೊ ಅವನ ಬೆನ್ನ ಮೇಲೆ ಕೈಯಿಟ್ಟ. ಅಷ್ಟು ವರ್ಷದಲ್ಲಿ ಅವನನ್ನು ಮುಟ್ಟಿದ್ದು ಅದೇ ಮೊದಲಿರಬೇಕು.

ಭಾನುವಾರ ಅವನು ಸ್ಪ್ಯಾನರು ಹುಡುಕುತ್ತಿದ್ದಾಗ ಅವಳು ಹೊರಗೆ ಬಂದಳು. ಕಾಲು ಊದಿಕೊಂಡಿದ್ದರಿಂದ ಅವನ ಚಪ್ಪಲಿ ಮೆಟ್ಟಿದ್ದಳು, ತಲೆಗೆ ಸ್ಕಾರ್ಫು ಕಟ್ಟಿದ್ದಳು. ಅದನ್ನೆಲ್ಲ ಬಿಚ್ಚಿ ದಿನ ಹಾಳು ಮಾಡಬೇಡ, ನನ್ನನ್ನು ನನ್ನ ತವರೂರು ರೊಮೀತಾ ಕಡೆ ಕರೆದುಕೊಂಡು ಹೋಗು ಎಂದಳು. ಅಲ್ಲಿ ಅವಳ ತವರಿನವರು ಯಾರೂ ಉಳಿದಿರಲಿಲ್ಲ, ಮನೆಯೂ ಇರಲಿಲ್ಲ. "ಮನೆ ಯಾರಿಗೆ ಬೇಕು? ಹೊಲ ನೋಡ್ಬೇಕು. ಕಾಲುವೆ ನೋಡ್ಬೇಕು," ಎಂದಳು.

ಅವನು ಬಹಳ ನಿಧಾನವಾಗಿ ಓಡಿಸಿದ. ನಿಧಾನವಾದಷ್ಟೂ ನಡುಕ ಹೆಚ್ಚು, ಬೇಗ ಹೋದರೆ ಕಡಿಮೆ. ಬೇಗ ಹೋಗಲು ಮನಸ್ಸಿರಲಿಲ್ಲ. ಅವಳು ಇವತ್ತು ಬೆನ್ನನ್ನು ಪೂರ್ತಿ ಒರಗಿಸಿ ಕೂತಿದ್ದಳು, ಕೈಗಳನ್ನು ತೊಡೆಯ ಮೇಲೆ ಸುಮ್ಮನೆ ಬಿಟ್ಟಿದ್ದಳು. ಜೋಳದ ಹೊಲಗಳು ಕೆಂಪಗಾಗಿದ್ದವು. ದಾರಿಬದಿಯ ಮರದ ಕೆಳಗೆ ಹೆಂಗಸೊಬ್ಬಳು ಬುಟ್ಟಿಗಳಲ್ಲಿ ಸೀಬೆಹಣ್ಣು ಇಟ್ಟುಕೊಂಡು ಕೂತಿದ್ದಳು. ಕಿಟಕಿ ಮುಚ್ಚಿದ್ದರೂ ವಾಸನೆ ಒಳಗೆ ಬಂತು. ಅಂಪಾರೊ ಅವನ ತೋಳು ತಟ್ಟಿದಳು. ಅದು ವೈದ್ಯರು ಕಡ್ಡಾಯವಾಗಿ ಬೇಡವೆಂದಿದ್ದ ಹಣ್ಣು. ಅವನು ಅವಳ ಮುಖ ನೋಡಿದ, ಕಾರನ್ನು ಪಕ್ಕಕ್ಕೆ ತಂದು ಆರಿಸಿದ, ಇಳಿದು ಹೋಗಿ ಕಳಿತವನ್ನೇ ಆರಿಸಿ ತಂದ. ಅವಳು ಒಂದನ್ನು ಉಪ್ಪು ಖಾರ ಸವರಿ ತಿಂದಳು, ಇನ್ನೊಂದನ್ನು ಹಾಗೆಯೇ ತಿಂದಳು, ಬೀಜ ಹಲ್ಲಿಗೆ ಸಿಕ್ಕಿ ನಾಲಿಗೆಯಿಂದ ತೆಗೆಯಲು ಒದ್ದಾಡಿ, "ಅಮ್ಮ ಬೈತಿದ್ಲು, ಬೀಜ ನುಂಗಿದ್ರೆ ಹೊಟ್ಟೇಲಿ ಗಿಡ ಹುಟ್ಟತ್ತೆ ಅಂತ," ಎಂದಳು. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ನಿದ್ದೆ ಹೋದಳು. ಬಾಯಿ ಸ್ವಲ್ಪ ತೆರೆದಿತ್ತು. ಇತ್ತೀಚೆಗೆ ರಾತ್ರಿಯೆಲ್ಲ ಕಾಲು ಸೆಳೆದು ಹೊರಳಾಡುತ್ತಿದ್ದವಳು. ಇಷ್ಟು ಒಳ್ಳೆಯ ನಿದ್ದೆಯನ್ನು ಅವನು ಎಷ್ಟೋ ತಿಂಗಳಿಂದ ಕಂಡಿರಲಿಲ್ಲ.

ಅವನ ಕೈ ಚಾವಿಯವರೆಗೆ ಹೋಯಿತು. ತಿರುಗಿಸಿದರೆ ಆ ನಡುಕ ಸೀಟಿನಿಂದ ಎದ್ದು ಅವಳ ಬೆನ್ನಿಗೆ, ಹಲ್ಲಿಗೆ, ಕಣ್ಣಿಗೆ ಏರುತ್ತದೆ. ಕೈ ಹಿಂದಕ್ಕೆ ತಂದ. ಕಾದ.

ಎಷ್ಟು ಹೊತ್ತೋ. ಜೋಳದ ಮೂಟೆ ಹೇರಿದ ಸಣ್ಣ ಲಾರಿಯೊಂದು ಬಂದು ಪಕ್ಕದಲ್ಲಿ ನಿಂತಿತು. ಚಾಲಕ ಮತ್ತು ಮೂಟೆಗಳ ಮೇಲೆ ಕೂತಿದ್ದ ಮೂವರು, ಎಲ್ಲರೂ ಹೊಲದಿಂದ ಮರಳುತ್ತಿದ್ದವರು.

"ಏನು ಯಜಮಾನ್ರೇ, ಕೈ ಕೊಡ್ತಾ?"

ಎವಾರಿಸ್ತೊ ತುಟಿಯ ಮೇಲೆ ಬೆರಳಿಟ್ಟು, ಹೆಂಡತಿಯ ಕಡೆ ಕಣ್ಣು ತೋರಿಸಿದ. ಆಮೇಲೆ ಪಿಸುದನಿಯಲ್ಲಿ, "ಹೂಂ. ಕೈ ಕೊಡ್ತು," ಎಂದ.

"ಬಾನೆಟ್ ತೆಗೀರಿ, ನೋಡೋಣ. ಇಲ್ಲಾ ತಳ್ತೀವಿ, ನಾಲ್ಕು ಜನ ಇದೀವಲ್ಲ."

"ಬೇಡ. ಇದು ತಳ್ಳಿದ್ರೂ ಹೋಗಲ್ಲ. ನಮ್ಮ ಭಾವ ಬರ್ತಾನೆ."

ಮೂಟೆಯ ಮೇಲಿದ್ದವನೊಬ್ಬ ಬಾಗಿಲಿನ ಹಳೆಯ ಪಟ್ಟಿಯ ಗುರುತು ನೋಡಿ, "ಟ್ಯಾಕ್ಸಿ ಆಗಿತ್ತೇನೋ ಪಾಪ! ಸಾಕು ಬಿಡಿ ಅಜ್ಜಾ, ಗುಜರಿಯವನಿಗೆ ಹಾಕಿ, ಒಂದು ಕತ್ತೆ ತಗೊಳ್ಳಿ," ಎಂದ. ಉಳಿದವರು ನಕ್ಕರು, ಅವನು ತೋರಿಸಿದ್ದರಿಂದ ಬಾಯಿಗೆ ಕೈ ಅಡ್ಡ ಹಿಡಿದು, ಸದ್ದಾಗದಂತೆ ನಕ್ಕರು.

"ಹಾಕ್ಬೇಕು, ಹಾಕ್ಬೇಕು," ಎಂದ ಎವಾರಿಸ್ತೊ, ತಾನೂ ನಗುತ್ತ.

ಲಾರಿ ಹೋಯಿತು. ಸೀಬೆಯ ಹೆಂಗಸು ಬುಟ್ಟಿಗಳನ್ನು ಒಂದರೊಳಗೊಂದು ಇಟ್ಟುಕೊಳ್ಳುತ್ತಿದ್ದಳು. ಇಳಿಬಿಸಿಲು ಮರದ ಕೆಳಗಿನಿಂದ ನುಸುಳಿ ಕಿಟಕಿಯ ಅಂಚಿಗೆ ಬಂದು, ಅಲ್ಲಿಂದ ಅಂಪಾರೊಳ ಗಲ್ಲಕ್ಕೆ, ಗಲ್ಲದಿಂದ ಕೆನ್ನೆಗೆ ಏರಿತು. ಅವಳ ರೆಪ್ಪೆ ಅದುರಿತು. ಅವನು ಬಾಗಿಲನ್ನು ಉಸಿರಿನಷ್ಟು ಮೆಲ್ಲಗೆ ತೆರೆದು ಇಳಿದ, ಮುಚ್ಚದೆ ಹಾಗೆಯೇ ಬಿಟ್ಟ, ಸುತ್ತಿ ಬಂದು ಅವಳ ಕಿಟಕಿಗೆ ಅಡ್ಡವಾಗಿ, ತನ್ನ ನೆರಳು ಸರಿಯಾಗಿ ಅವಳ ಮುಖದ ಮೇಲೆ ಬೀಳುವಂತೆ ನಿಂತ. ರಸ್ತೆಯಲ್ಲಿ ಹೋಗುವವರು ತಿರುಗಿ ನೋಡಿದರು. ನೋಡಲಿ ಎಂದು ಬಿಟ್ಟ. ಬಿಸಿಲು ಸರಿದ ಹಾಗೆಲ್ಲ ಅವನೂ ಸ್ವಲ್ಪ ಸ್ವಲ್ಪವೇ ಸರಿಯುತ್ತ ನಿಂತ.